ವಿಶ್ವ ಅಂದ್ರೆ ಏನು, ಅದು ನಮ್ಮ ತಲೆಗೆ ಎಟಕುತ್ತಾ? ಕೆರೆ ಏರಿಯ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೌರಿಬಿದನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಮೋಡ ಇಲ್ಲದಿದ್ದರೆ ಟೆಲಿಸ್ಕೋಪ್ ಹೊತ್ತುಕೊಂಡು ಕೆರೆ ಏರಿಗೆ ಹೋಗುತ್ತೇವೆ. ಮಕ್ಕಳು ಬರುತ್ತಾರೆ, ಅವರ ಹಿಂದೆ ಅಪ್ಪ ಅಮ್ಮ ಬರುತ್ತಾರೆ, ಡೇರಿಗೆ ಹಾಲು ಹಾಕಿ ವಾಪಸ್ ಹೋಗುವವರು ಗಾಡಿ ನಿಲ್ಲಿಸಿ ಕ್ಯಾನ್ ಪಕ್ಕಕ್ಕಿಟ್ಟು ಸಾಲಿನಲ್ಲಿ ನಿಲ್ಲುತ್ತಾರೆ. ಒಂದು ಸಲ ಒಬ್ಬ ಅಜ್ಜಿ ಶನಿಗ್ರಹ ನೋಡಿ ಕಣ್ಣು ತೆಗೆಯಲೇ ಇಲ್ಲ. "ಬಳೆ ತೊಟ್ಕೊಂಡಿದ್ಯಲ್ಲೋ ಮಗಾ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು: "ಇದೆಲ್ಲ ಏನು, ಯಾಕಿದೆ, ನಮಗೆ ತಿಳಿಯೋ ವಿಷಯಾನಾ ಇದು?"

ಹೆಚ್ಚು ಕಮ್ಮಿ ಎಲ್ಲರೂ ಕೇಳುವುದು ಇದನ್ನೇ. ಕತ್ತಲಲ್ಲಿ ನಿಂತು ಗಡಿಬಿಡಿಯಲ್ಲಿ ಹೇಳಿದ ಉತ್ತರಗಳನ್ನು ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ.

ವಿಶ್ವ ಅಂದ್ರೆ ಆಕಾಶ ತಾನೇ ಸಾರ್?

ಅಲ್ಲ. ಆಕಾಶ ಅನ್ನುವುದು ನಾವು ನಿಂತ ಜಾಗದಿಂದ ಕಾಣುವ ನೋಟ. ವಿಶ್ವ ಅಂದರೆ ಇರುವುದೆಲ್ಲ. ನಕ್ಷತ್ರ, ಗ್ರಹ, ಅವುಗಳ ನಡುವಿನ ಖಾಲಿ ಜಾಗ, ಈ ಕೆರೆಯ ನೀರು, ನೀವು ಕೂತಿರುವ ಕಲ್ಲು, ನೀವು. ಕಾಲವೂ ಅದರೊಳಗೇ ಬಂತು. ವಿಶ್ವ ಅಂದ ಕೂಡಲೇ ಎಲ್ಲರೂ ತಲೆ ಎತ್ತುತ್ತಾರೆ. ನಿಜವಾಗಿ ಕಾಲ ಕೆಳಗೆ ನೋಡಿದರೂ ಕಾಣುವುದು ಅದೇ, ಅದೂ ನಮ್ಮ ಜಿಲ್ಲೆಗಳಲ್ಲಿ ಕೆಳಗೆ ನೋಡಿಯೇ ತಿಳಿದದ್ದು ಬೇಕಾದಷ್ಟಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಎಷ್ಟು ದೊಡ್ಡದು?

ಒಂದು ರಾಗಿ ಕಾಳು ತಗೊಳ್ಳಿ. ಅದು ಭೂಮಿ ಅಂದುಕೊಳ್ಳಿ. ಆಗ ಸೂರ್ಯ ತಿಪಟೂರಿನ ಕಡೆಯ ಒಂದು ದಪ್ಪ ತೆಂಗಿನಕಾಯಿಯಷ್ಟಿರುತ್ತದೆ, ಸುಲಿದ ಕಾಯಿ. ಎರಡರ ನಡುವೆ ಸುಮಾರು 15 ಮೀಟರ್ ಅಂತರ, ಅಂದರೆ ಮನೆ ಬಾಗಿಲಿಂದ ಕೊಟ್ಟಿಗೆಗೆ ಹೋದಷ್ಟು. ಇಷ್ಟು ಎಲ್ಲರಿಗೂ ಕಣ್ಣಿಗೆ ಕಟ್ಟುತ್ತದೆ. ಈಗ ಎರಡನೇ ತೆಂಗಿನಕಾಯಿ, ಅಂದರೆ ನಮಗೆ ಹತ್ತಿರದ ಇನ್ನೊಂದು ನಕ್ಷತ್ರವನ್ನು ಎಲ್ಲಿಡಬೇಕು ಗೊತ್ತಾ? ಸುಮಾರು 4000 ಕಿಲೋಮೀಟರ್ ಆಚೆ. ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಹೋದರೂ ಸಾಲದು. ನಡುವೆಲ್ಲ ಹೆಚ್ಚು ಕಮ್ಮಿ ಖಾಲಿ.

ಇಂಥ ನಕ್ಷತ್ರಗಳು ನಮ್ಮ ಕ್ಷೀರಪಥ ಒಂದರಲ್ಲೇ 10,000 ಕೋಟಿಗೂ ಜಾಸ್ತಿ ಇವೆ. ಕ್ಷೀರಪಥದಂಥ ಗೆಲಾಕ್ಸಿಗಳು, ಅಂದರೆ ನಕ್ಷತ್ರಗಳ ದೊಡ್ಡ ಗುಂಪುಗಳು, ಮತ್ತೆ ಸಾವಿರಾರು ಕೋಟಿ. ಬೆಳಕು ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. ಸೂರ್ಯನಿಂದ ಇಲ್ಲಿಗೆ ಬರಲು ಅದಕ್ಕೆ 8 ನಿಮಿಷ ಸಾಕು. ನಮಗೆ ಕಾಣಬಹುದಾದ ವಿಶ್ವದ ಈ ತುದಿಯಿಂದ ಆ ತುದಿಗೆ ಈಗ ಸುಮಾರು 9300 ಕೋಟಿ ಜ್ಯೋತಿರ್ವರ್ಷ ಅಂತ ಲೆಕ್ಕ. ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ.

ಅದರ ಆಚೆ ಏನಿದೆ?

ಈ ಪ್ರಶ್ನೆಗೆ ಅರ್ಧ ಕಾರಣ ನಮ್ಮ ಮಾತೇ ಅಂತ ನನಗನ್ನಿಸುತ್ತದೆ. ಬ್ರಹ್ಮಾಂಡ ಅನ್ನುತ್ತೇವೆ. ಅಂಡ ಅಂದರೆ ಮೊಟ್ಟೆ. ಮೊಟ್ಟೆ ಅಂದಮೇಲೆ ಸಿಪ್ಪೆ ಇರಬೇಕು, ಸಿಪ್ಪೆಯ ಹೊರಗೆ ಇನ್ನೇನೋ ಇರಬೇಕು, ಅಲ್ವಾ? ಆದರೆ ಅಂಥ ಸಿಪ್ಪೆ ಎಲ್ಲೂ ಕಂಡಿಲ್ಲ. ನಮಗೆ ಕಾಣುವುದಕ್ಕೊಂದು ಎಲ್ಲೆ ಇದೆ ನಿಜ, ಅದು ಗೋಡೆಯಲ್ಲ. ಅಷ್ಟು ದೂರದ ಆಚೆಯಿಂದ ಹೊರಟ ಬೆಳಕು ಇನ್ನೂ ನಮ್ಮ ಹತ್ತಿರ ಬಂದಿಲ್ಲ, ಅಷ್ಟೆ. ಏರಿಯ ಮೇಲೆ ನಿಂತರೆ ದೂರದಲ್ಲಿ ನೆಲ ಮುಗಿದ ಹಾಗೆ ಕಾಣುತ್ತದೆ. ನೆಲ ಅಲ್ಲಿಗೆ ಮುಗಿಯಿತು ಅಂತ ಯಾರೂ ಅನ್ನುವುದಿಲ್ಲವಲ್ಲ.

ಯಾವಾಗ ಶುರುವಾಯಿತು? ಯಾರಾದರೂ ನೋಡಿದ್ದಾರಾ?

ಸುಮಾರು 1380 ಕೋಟಿ ವರ್ಷದ ಹಿಂದೆ. ಶುರುವಾಗುವುದನ್ನು ಯಾರೂ ನೋಡಿಲ್ಲ, ಆದರೆ ಆ ಕಾಲದ ಕಾವು ಇನ್ನೂ ಆರಿಲ್ಲ.

1920ರ ದಶಕದ ಕೊನೆಯಲ್ಲಿ ಬೆಲ್ಜಿಯಂನ ಲಮೇತ್ರ್ ಲೆಕ್ಕ ಹಾಕಿ, ಅಮೆರಿಕದ ಹಬಲ್ ದೂರದರ್ಶಕದಲ್ಲಿ ಅಳೆದು, ಗೆಲಾಕ್ಸಿಗಳು ಒಂದರಿಂದ ಒಂದು ದೂರ ಹೋಗುತ್ತಿವೆ ಅಂತ ತೋರಿಸಿದರು. ಜೀರಿಗೆ ಹಾಕಿದ ದೋಸೆ ಹಿಟ್ಟು ರಾತ್ರಿ ಉಬ್ಬುವುದನ್ನು ನೆನೆಸಿಕೊಳ್ಳಿ. ಯಾವ ಜೀರಿಗೆ ಕಾಳೂ ತಾನಾಗಿ ನಡೆಯುವುದಿಲ್ಲ, ನಡುವಿನ ಹಿಟ್ಟು ಉಬ್ಬುತ್ತದೆ. ಯಾವ ಕಾಳಿನ ಮೇಲೆ ಕೂತು ನೋಡಿದರೂ ಮಿಕ್ಕ ಕಾಳುಗಳೆಲ್ಲ ದೂರ ಸರಿದ ಹಾಗೇ ಕಾಣುತ್ತದೆ. ಅದನ್ನೇ ಹಿಂದಕ್ಕೆ ಓಡಿಸಿದರೆ ಎಲ್ಲ ಒತ್ತೊತ್ತಾಗಿ, ಸುಡುಸುಡು ಬಿಸಿಯಾಗಿದ್ದ ಒಂದು ಕಾಲ ಸಿಗುತ್ತದೆ.

ಆ ಬಿಸಿಯ ಉಳಿಕೆ 1965ರಲ್ಲಿ ಸಿಕ್ಕಿತು. ಪೆನ್ಜಿಯಾಸ್ ಮತ್ತು ವಿಲ್ಸನ್ ಅನ್ನುವ ಇಬ್ಬರು ತಮ್ಮ ಆಂಟೆನಾದಲ್ಲಿ ಬರುತ್ತಿದ್ದ ಗೊರಗೊರ ಸದ್ದು ಎತ್ತ ತಿರುಗಿಸಿದರೂ ಹೋಗದೆ ಒದ್ದಾಡಿದ್ದರು. ಅದು ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷ ಆಗಿದ್ದಾಗ ಹೊರಟ ಬೆಳಕು. ಈಗ ತಣ್ಣಗಾಗಿ ಸೊನ್ನೆಗಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿದೆ. ನಿಮ್ಮ ಅಂಗೈ ಮೇಲೆ ಒಂದು ಗೋಲಿಯಷ್ಟು ಖಾಲಿ ಜಾಗ ಇದ್ದರೆ ಅದರಲ್ಲಿ ಈ ಹಳೆಯ ಬೆಳಕಿನ 400 ಕಣಗಳಾದರೂ ಈಗ, ಈ ಕ್ಷಣ, ಇವೆ. ಮಕ್ಕಳಿಗೆ ಇದನ್ನು ಹೇಳಿದಾಗ ಕೈ ಚಾಚಿ ಮುಷ್ಟಿ ಕಟ್ಟುತ್ತಾರೆ.

ಅದಕ್ಕೂ ಮುಂಚೆ ಏನಿತ್ತು?

ಯಾರಿಗೂ ಗೊತ್ತಿಲ್ಲ. "ಮುಂಚೆ" ಅನ್ನುವ ಮಾತಿಗೆ ಅಲ್ಲಿ ಅರ್ಥ ಇದೆಯೋ ಇಲ್ಲವೋ ಅದೂ ತೀರ್ಮಾನವಾಗಿಲ್ಲ. ಗೊತ್ತು ಅಂತ ಯಾರಾದರೂ ಖಡಾಖಂಡಿತವಾಗಿ ಹೇಳಿದರೆ, ಹೇಗೆ ಗೊತ್ತು ಅಂತ ಕೇಳಿ.

ಇದೆಲ್ಲ ಅಮೆರಿಕದವರ ಕೆಲಸ. ಕೋಲಾರ, ಚಿಕ್ಕಬಳ್ಳಾಪುರದಂಥ ಊರಿಗೂ ಇದಕ್ಕೂ ಏನು ಸಂಬಂಧ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ದೊಡ್ಡಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಕೇಜ್, ಅಂದರೆ ಗಣಿಯ ಲಿಫ್ಟ್, ಇಳಿಯುತ್ತಾ ಇಳಿಯುತ್ತಾ ಕಿವಿ ಗುಂಯ್ ಅನ್ನುತ್ತದೆ, ಕೆಳಗೆ ಬಂಡೆ ಮುಟ್ಟಿದರೆ ಬಿಸಿ ತಾಗುತ್ತದೆ ಅನ್ನುತ್ತಿದ್ದರು. ಕೆಳಗೆ ಒಂದು ಕಡೆ ಚಿನ್ನ ತೆಗೆಯದೆ ಸುಮ್ನೆ ಪೆಟ್ಟಿಗೆಗಳನ್ನು ಇಟ್ಟುಕೊಂಡು ಕಾಯುವವರು ಇದ್ದರಂತೆ. ನಾನು ಚಿಕ್ಕವನಿದ್ದಾಗ ಇದನ್ನು ಕಥೆ ಅಂದುಕೊಂಡಿದ್ದೆ. ನಿಜವಾಗಿತ್ತು.

ಬಾಹ್ಯಾಕಾಶದಿಂದ ಕಾಸ್ಮಿಕ್ ಕಿರಣಗಳು ಸದಾ ನಮ್ಮ ಗಾಳಿಗೆ ಬಡಿಯುತ್ತಿರುತ್ತವೆ. ಬಡಿದಾಗ ಮ್ಯೂಆನ್ ಅನ್ನುವ ಕಣಗಳು ಹುಟ್ಟಿ ಮಳೆ ಹನಿಯ ಹಾಗೆ ಕೆಳಗೆ ಬರುತ್ತವೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲೇ ಕೆಜಿಎಫ್ ಗಣಿಗಿಳಿದು, ಯಾವ ಆಳಕ್ಕೆ ಎಷ್ಟು ಮ್ಯೂಆನ್ ಬರುತ್ತವೆ ಅಂತ ಅಳೆಯಲು ಶುರು ಮಾಡಿದರು. ಕೆಳಕ್ಕೆ ಹೋದಷ್ಟೂ ಕಮ್ಮಿ. ತೀರಾ ಆಳಕ್ಕೆ ಹೋದಾಗ ವಾರಗಟ್ಟಲೆ ಕಾದರೂ ಒಂದೂ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೆಲಸ ಕೆಟ್ಟಿತು ಅಂತ ಪೆಟ್ಟಿಗೆ ಕಟ್ಟಿಬಿಡುತ್ತಿದ್ದರು. ಇವರಿಗೆ ಹೊಳೆದದ್ದು ಬೇರೆ: ಇಷ್ಟು ನಿಶ್ಶಬ್ದ ಇರುವ ಜಾಗದಲ್ಲಿ ನ್ಯೂಟ್ರಿನೋ ಹುಡುಕಬಹುದಲ್ಲ!

ನ್ಯೂಟ್ರಿನೋ ಅಂದರೆ ಯಾವುದಕ್ಕೂ ತಗುಲದೆ ಹೋಗುವ ಕಣ. ಸೂರ್ಯನಿಂದ ಬರುವಂಥವು ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಸೆಕೆಂಡಿಗೆ ಸಾವಿರಾರು ಕೋಟಿ ತೂರಿಹೋಗುತ್ತಿವೆ, ಹಗಲೂ ರಾತ್ರಿ. ಭೂಮಿಯನ್ನೇ ತೂರಿ ಆಚೆ ಹೋಗುತ್ತವೆ. ಕಾಸ್ಮಿಕ್ ಕಿರಣಗಳು ಗಾಳಿಗೆ ಬಡಿದಾಗಲೂ ನ್ಯೂಟ್ರಿನೋಗಳು ಹುಟ್ಟುತ್ತವೆ. ಅಂಥದ್ದೊಂದು ಅಪರೂಪಕ್ಕೆ ಬಂಡೆಯ ಅಣುವಿಗೆ ಬಡಿದರೆ ಅಲ್ಲೊಂದು ಮ್ಯೂಆನ್ ಹುಟ್ಟುತ್ತದೆ. ಮೇಲಿನಿಂದ ಬರುವ ಮಾಮೂಲಿ ಮ್ಯೂಆನ್ ಅಷ್ಟು ಆಳಕ್ಕೆ ಬಂದರೂ ನೆಟ್ಟಗೆ ಮೇಲಿನಿಂದಲೇ ಬರಬೇಕು. ಪಕ್ಕದಿಂದ ಅಡ್ಡಡ್ಡ ಬಂದರೆ? ಅದು ನ್ಯೂಟ್ರಿನೋ ಹುಟ್ಟಿಸಿದ್ದೇ ಇರಬೇಕು. ಹಾಗಾಗಿ 2.3 ಕಿ.ಮೀ. ಆಳದಲ್ಲಿ ಎದುರುಬದುರು ಎರಡು ಗೋಡೆ ಥರ ಪತ್ತೆಯಂತ್ರ ನಿಲ್ಲಿಸಿ ಕಾದರು. ಎರಡೂ ಗೋಡೆಯಲ್ಲಿ ಒಟ್ಟಿಗೆ ಮಿಣುಕು ಬಂದರೆ ಏನೋ ಅಡ್ಡ ಹಾದುಹೋಯಿತು ಅಂತ. 1965ರಲ್ಲಿ ಬಂತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಮಾಡಿದ ಕೆಲಸ ಅದು. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು ಮನುಷ್ಯರು ಮೊದಲು ಗುರುತಿಸಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು, ಕೆಜಿಎಫ್‌ನವರ ಬರಹ ಕೆಲವು ದಿನ ಮೊದಲು ಅಚ್ಚಾಯಿತು. ಮುಂದೆ 1998ರಲ್ಲಿ ಜಪಾನಿನವರು ಇದೇ ಬಗೆಯ ನ್ಯೂಟ್ರಿನೋಗಳನ್ನು ನೋಡಿ, ಅವಕ್ಕೆ ತೂಕ ಇದೆ ಅಂತ ತೋರಿಸಿದರು. ಅದಕ್ಕೆ 2015ರ ನೊಬೆಲ್ ಬಂತು.

ಗಣಿ 2001ರಲ್ಲಿ ಮುಚ್ಚಿತು. ಈಗ ಕೆಜಿಎಫ್‌ಗೆ ಹೋದವರು ಸೈನೈಡ್ ದಿಬ್ಬದ ಫೋಟೋ ತೆಗೆದುಕೊಂಡು ಬರುತ್ತಾರೆ. ಆ ದಿಬ್ಬದ ಅಡಿಯಲ್ಲಿ ಇಂಥದ್ದೊಂದು ಕೆಲಸ ನಡೆಯಿತು ಅಂತ ನಮ್ಮ ಮಕ್ಕಳಿಗೆ ಹೇಳುವವರು ಇಲ್ಲವಲ್ಲ ಅಂತ ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಕೆಜಿಎಫ್‌ನ ಚಿನ್ನ ನೆಲದೊಳಗೇ ಹುಟ್ಟಿದ್ದಾ?

ಇಲ್ಲ. ನೆಲದೊಳಗೆ ಅದು ಒಂದೆಡೆ ಸೇರಿತು, ಹುಟ್ಟಿದ್ದು ಆಕಾಶದಲ್ಲಿ, ಭೂಮಿಗಿಂತ ಮೊದಲು. ಚಿನ್ನದಂಥ ಭಾರದ ಲೋಹ ಮಾಮೂಲಿ ನಕ್ಷತ್ರದ ಒಲೆಯಲ್ಲಿ ಬೇಯುವುದಿಲ್ಲ. 2017ರ ಆಗಸ್ಟ್ 17ರಂದು, 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಒತ್ತೊತ್ತಾದ ತಿರುಳು) ಡಿಕ್ಕಿ ಹೊಡೆದದ್ದರ ಗುರುತ್ವದ ಅಲೆ ನಮಗೆ ತಲುಪಿತು, ಅದರ ಬೆಳಕಿನಲ್ಲಿ ಭಾರದ ಲೋಹಗಳು ತಯಾರಾದ ಗುರುತೂ ಕಂಡಿತು. ನಿಮ್ಮ ಮನೆಯ ಓಲೆ, ಮೂಗುಬೊಟ್ಟಿನ ಚಿನ್ನವೂ ಇಂಥ ಯಾವುದೋ ಒಂದು ದೊಡ್ಡ ಆಕಾಶದ ಅನಾಹುತದಲ್ಲೇ ಹುಟ್ಟಿದ್ದು.

ವಿಜ್ಞಾನಿಗಳು ಹೇಳಿದ್ದನ್ನ ನಾವು ಸುಮ್ನೆ ನಂಬಬೇಕಾ?

ನಂಬಬೇಡಿ. ವಿಜ್ಞಾನಿಗಳೇ ಒಬ್ಬರನ್ನೊಬ್ಬರು ನಂಬುವುದಿಲ್ಲ. ನಮ್ಮ ಪಕ್ಕದ ಕೆರೆಯಲ್ಲೇ ನಡೆದದ್ದು ಹೇಳುತ್ತೇನೆ.

ಗೌರಿಬಿದನೂರಿನ ಹತ್ತಿರ ಹೊಲಗಳ ನಡುವೆ, ಹಳೇ ಕಾಲದ ಟಿವಿ ಆಂಟೆನಾ ಥರದವು ಸಾಲಾಗಿ ನಿಂತಿರುವುದನ್ನು ಕೆಲವರಾದರೂ ನೋಡಿರುತ್ತೀರಿ. ಅದು ರೇಡಿಯೋ ವೀಕ್ಷಣಾಲಯ, 1976ರಿಂದ ಇದೆ. ಮೊದಲು ಅಲ್ಲಿ 1000 ಡೈಪೋಲ್‌ಗಳನ್ನು, ಅಂದರೆ ಸರಳವಾದ ಆಂಟೆನಾಗಳನ್ನು, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟು, ಕಣ್ಣಿಗೆ ಕಾಣದ ರೇಡಿಯೋ ಅಲೆಗಳಲ್ಲಿ ಆಕಾಶದ ನಕ್ಷೆ ಮಾಡಿದ್ದರು. ಈಗ ಮುಖ್ಯವಾಗಿ ಸೂರ್ಯನನ್ನು ನೋಡುತ್ತಾರೆ.

ಇನ್ನು ಕೆರೆಯ ವಿಷಯ. 2018ರಲ್ಲಿ ಅಮೆರಿಕದ ಒಂದು ತಂಡ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಂಟೆನಾ ಇಟ್ಟು, ವಿಶ್ವದ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಸುಳಿವು ಸಿಕ್ಕಿದೆ ಅಂತ ಹೇಳಿತು. ದೊಡ್ಡ ಸುದ್ದಿಯಾಯಿತು. ಆ ಸುಳಿವು ಹೈಡ್ರೋಜನ್ ಅನಿಲದ್ದು, ಅದರ ಗುರುತು 21 ಸೆಂಟಿಮೀಟರಿನ ರೇಡಿಯೋ ಅಲೆ. ಅಷ್ಟು ಹಿಂದೆ ಹೊರಟದ್ದು ವಿಶ್ವ ಹಿಗ್ಗಿದ ಹಾಗೆ ತಾನೂ ಹಿಗ್ಗಿ ಈಗ ಸುಮಾರು 4 ಮೀಟರ್ ಆಗಿರುತ್ತದೆ, ನಮ್ಮ ಎಫ್‌ಎಂ ಸ್ಟೇಷನ್‌ಗಳ ಪಕ್ಕದಲ್ಲೇ. ಅಷ್ಟೆಲ್ಲ ಗದ್ದಲದ ನಡುವೆ ಅದನ್ನು ಹಿಡಿಯುವುದು ಜಾತ್ರೆಯಲ್ಲಿ ಮಗುವಿನ ಉಸಿರು ಕೇಳಿಸಿಕೊಂಡ ಹಾಗೆ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು, ನಾವೂ ಒಮ್ಮೆ ನೋಡೋಣ ಅಂದರು. ನೆಲದ ಮೇಲೆ ಆಂಟೆನಾ ಇಟ್ಟರೆ ಕೆಳಗಿನ ಮಣ್ಣು, ಕಲ್ಲು, ತೇವ ಪದರ ಪದರವಾಗಿದ್ದು ಅಳತೆ ಕೆಡಿಸುತ್ತದೆ. ನೀರು ಹಾಗಲ್ಲ, ಎಲ್ಲ ಕಡೆ ಒಂದೇ ಥರ. ಅದಕ್ಕೆ ಸಾರಸ್ ಅನ್ನುವ ಉಪಕರಣವನ್ನು ತೆಪ್ಪದ ಮೇಲೆ ಕೂರಿಸಿ, 2020ರ ಆರಂಭದಲ್ಲಿ ನಮ್ಮ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರಲ್ಲಿ ಫಲಿತಾಂಶ ಬಂತು: ಅಮೆರಿಕದ ತಂಡ ಹೇಳಿದ ಆಕಾರದ ಸಂಕೇತ ಆಕಾಶದಲ್ಲಿ ಇಲ್ಲ, ಶೇ 95ಕ್ಕೂ ಹೆಚ್ಚು ಖಾತ್ರಿ. ಆ ಕೆರೆಗೆ ನಾವು ಮೀನು ತರಲು ಹೋಗುತ್ತೇವೆ, ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಪ್ರಪಂಚದ ದೊಡ್ಡ ಪತ್ರಿಕೆಗಳಲ್ಲಿ ಬಂದ ಒಂದು ಮಾತನ್ನು ಆ ನೀರಿನ ಮೇಲೆ ನಿಂತು ಪರೀಕ್ಷೆ ಮಾಡಿ, ಇಲ್ಲ ಅಂತ ಹೇಳಿದರು. ನನಗೆ ಇದಕ್ಕಿಂತ ದೊಡ್ಡ ಪಾಠ ಮಾಡಲು ಬರುವುದಿಲ್ಲ.

ಕೆಜಿಎಫ್‌ನಲ್ಲೂ ಅಷ್ಟೇ. 1980ರ ದಶಕದಲ್ಲಿ ಅಲ್ಲಿ 140 ಟನ್ ತೂಕದ ಯಂತ್ರ ಕಟ್ಟಿ, ಪ್ರೋಟಾನ್ ತಾನಾಗಿ ಒಡೆಯುತ್ತದಾ ಅಂತ ನೋಡಿದರು. ಕೆಲವು ಗುರುತು ಸಿಕ್ಕಂತೆ ಕಂಡಿತು. ಬೇರೆ ದೇಶಗಳ ಇನ್ನೂ ದೊಡ್ಡ ಯಂತ್ರಗಳಲ್ಲಿ ಅದು ಕಾಣಲಿಲ್ಲ, ಹಾಗಾಗಿ ಲೋಕ ಅದನ್ನು ಒಪ್ಪಲಿಲ್ಲ. ನಮ್ಮೂರಿನದು ಅಂತ ನಾನೂ ಅದನ್ನು ಹಿಡಿದುಕೊಂಡು ಕೂರುವುದಿಲ್ಲ.

ವಿಶ್ವದ ಶೇ 95 ಏನು ಅಂತಲೇ ಗೊತ್ತಿಲ್ಲವಂತೆ. ಮತ್ತೆ ಏನು ಅರ್ಥ ಆದ ಹಾಗಾಯ್ತು?

ನಕ್ಷತ್ರ, ನೆಲ, ನೀರು, ನಾವು, ಎಲ್ಲ ಸೇರಿ ಶೇ 5ರಷ್ಟು. ಶೇ 27ರಷ್ಟು ಡಾರ್ಕ್ ಮ್ಯಾಟರ್, ಶೇ 68ರಷ್ಟು ಡಾರ್ಕ್ ಎನರ್ಜಿ. ಇವು ಏನು ಅಂತ ಗೊತ್ತಿಲ್ಲ, ಆದರೆ ಎಷ್ಟು ಅಂತ ಗೊತ್ತು. ಡಾರ್ಕ್ ಮ್ಯಾಟರಿನ ಸುಳಿವು ಸಿಕ್ಕಿದ್ದು ಹೀಗೆ: ಗೆಲಾಕ್ಸಿಗಳ ಅಂಚಿನಲ್ಲಿರುವ ನಕ್ಷತ್ರಗಳು ಕಾಣುವ ತೂಕಕ್ಕೆ ಹೋಲಿಸಿದರೆ ತೀರಾ ಜೋರಾಗಿ ಸುತ್ತುತ್ತವೆ. ಅಮೆರಿಕದ ಖಗೋಳ ವಿಜ್ಞಾನಿ ವೆರಾ ರೂಬಿನ್ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಕತ್ತಲಲ್ಲಿ ಎತ್ತಿನ ಗಾಡಿ ಬಂದರೆ ಎತ್ತು ಕಾಣದಿದ್ದರೂ ಗಾಡಿಯನ್ನು ಏನೋ ಎಳೆಯುತ್ತಿದೆ ಅಂತ ಗೊತ್ತಾಗುತ್ತದಲ್ಲ, ಹಾಗೆ.

ಸರಿ, ಕೊನೆಗೂ ಮನುಷ್ಯನ ತಲೆಗೆ ಇದು ಎಟಕುತ್ತಾ?

ಕಣ್ಣಿಗೆ ಕಟ್ಟುವುದು ಬೇರೆ, ತಿಳಿಯುವುದು ಬೇರೆ. ಇವೆರಡನ್ನು ಒಂದೇ ಅಂದುಕೊಂಡರೆ ಎಟಕುವುದಿಲ್ಲ ಅನ್ನಿಸುತ್ತದೆ.

ಕ್ಲಾಸಿನಲ್ಲಿ ಒಂದು ಕೆಲಸ ಮಾಡಿಸಿದ್ದೆ. ಒಂದು ಕ್ವಿಂಟಾಲ್ ಮೂಟೆಯಲ್ಲಿ ಎಷ್ಟು ರಾಗಿ ಕಾಳು ಇರುತ್ತವೆ? ಮೊದಲು ಎಲ್ಲರೂ ಆಗಲ್ಲ ಸಾರ್ ಅಂದರು. ಅಕ್ಕಸಾಲಿಗರ ಅಂಗಡಿಯಿಂದ ಚಿಕ್ಕ ತಕ್ಕಡಿ ತಂದು ಒಂದೊಂದು ಗುಂಪಿಗೆ ಒಂದು ಗ್ರಾಂ ರಾಗಿ ಕೊಟ್ಟೆ. ಹಾಳೆ ಮೇಲೆ ಹರಡಿ, ಪೆನ್ನಿನ ತುದಿಯಿಂದ ಹತ್ತು ಹತ್ತು ಕಾಳು ಸರಿಸಿ ಎಣಿಸಿದರು. ಒಂದು ಗುಂಪಿಗೆ 340, ಇನ್ನೊಂದಕ್ಕೆ 352, ಮತ್ತೊಂದಕ್ಕೆ 371. ಗುಣಿಸಿದರೆ ಮೂಟೆಗೆ ಸುಮಾರು ಮೂರೂವರೆ ಕೋಟಿ. ಮೂರೂವರೆ ಕೋಟಿ ಕಾಳು ಯಾರ ಕಣ್ಣಿಗೂ ಕಟ್ಟುವುದಿಲ್ಲ. ಆದರೂ ಎಂಟನೇ ಕ್ಲಾಸಿನ ಮಕ್ಕಳು ಅದನ್ನು ತಿಳಿದುಕೊಂಡರು, ಮೂಟೆ ಬಿಚ್ಚಿ ಎಣಿಸದೆ. ವಿಶ್ವದ ವಯಸ್ಸು, ದೂರ, ತೂಕ ಎಲ್ಲ ಹೀಗೇ ತಿಳಿದದ್ದು. ಕೈಗೆ ಸಿಗುವ ಒಂದು ಗ್ರಾಂ ಅನ್ನು ತುಂಬ ಪ್ರಾಮಾಣಿಕವಾಗಿ ಎಣಿಸುವುದು.

ಆವತ್ತು ಒಬ್ಬಳು ಹುಡುಗಿ ಕೇಳಿದಳು, ಮೂರು ಗುಂಪಿಗೂ ಬೇರೆ ಬೇರೆ ಬಂತಲ್ಲ ಸಾರ್, ಯಾರದು ಸರಿ? ನೋಡಿದರೆ 371 ಬಂದ ಗುಂಪಿನದು ಬೇರೆ ಹೊಲದ ಸಣ್ಣ ರಾಗಿ. ದೊಡ್ಡವರ ಲೆಕ್ಕದಲ್ಲೂ ಈಗ ಇಂಥದ್ದೇ ಒಂದು ತಕರಾರು ನಡೆದಿದೆ. ವಿಶ್ವ ಎಷ್ಟು ಬೇಗ ಹಿಗ್ಗುತ್ತಿದೆ ಅಂತ ಹಳೆಯ ಕಾವಿನಿಂದ ಲೆಕ್ಕ ಹಾಕಿದರೆ ಪ್ರತಿ 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 67 ಕಿ.ಮೀ. ಬರುತ್ತದೆ, ಹತ್ತಿರದ ಗೆಲಾಕ್ಸಿಗಳ ನಕ್ಷತ್ರಗಳಿಂದ ಅಳೆದರೆ 73ರ ಹತ್ತಿರ ಬರುತ್ತದೆ. ಎಣಿಕೆ ತಪ್ಪಿದೆಯಾ, ಇಲ್ಲ ರಾಗಿಯೇ ಬೇರೆಯಾ? ಇನ್ನೂ ಬಗೆಹರಿದಿಲ್ಲ. ಬಗೆಹರಿಯುವುದು ಇಂಥ ಹುಡುಗಿಯರಿಂದಲೇ ಅಂತ ನನ್ನ ನಂಬಿಕೆ.

ಎಲ್ಲವೂ ತಿಳಿಯುತ್ತದಾ ಅಂದರೆ, ನನಗನ್ನಿಸುವ ಮಟ್ಟಿಗೆ ಇಲ್ಲ. ನಮ್ಮ ಹತ್ತಿರ ಎಂದೂ ಬಾರದ ಬೆಳಕಿನಲ್ಲಿ ಏನಿದೆ ಅಂತ ನೋಡಲು ದಾರಿಯಿಲ್ಲ. ಆದರೆ ನೂರು ವರ್ಷದ ಹಿಂದೆ ಕ್ಷೀರಪಥದ ಆಚೆ ಇನ್ನೊಂದು ಗೆಲಾಕ್ಸಿ ಇದೆಯಾ ಅನ್ನುವುದೇ ಜಗಳವಾಗಿತ್ತು. ಅಷ್ಟು ಬೇಗ ಇಲ್ಲಿಗೆ ಬಂದಿದ್ದೇವೆ.

ದೇವರು ಇದಾನಾ ಹಾಗಾದ್ರೆ?

ಟೆಲಿಸ್ಕೋಪಿನಲ್ಲಿ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಇದೆ ಅಂತಲೂ ಇಲ್ಲ ಅಂತಲೂ. ಶನಿ ನೋಡಿದ ಆ ಅಜ್ಜಿ ಕೈಮುಗಿದರು. ನಾನು ಬೇಡ ಅನ್ನಲಿಲ್ಲ.

ಇದರಿಂದ ಹೊಟ್ಟೆ ತುಂಬುತ್ತಾ ಮೇಷ್ಟ್ರೇ?

ಬೋರ್‌ವೆಲ್ ಸಾವಿರ ಅಡಿ ಕೊರೆದರೂ ನೀರು ಸಿಗದ ಊರಿನಲ್ಲಿ ಈ ಪ್ರಶ್ನೆ ಬರುವುದು ನ್ಯಾಯವೇ. ನೇರವಾಗಿ ತುಂಬುವುದಿಲ್ಲ. ಆದರೆ ಎಣಿಸಿ, ಅಳೆದು, ಇನ್ನೊಬ್ಬರ ಕೈಲಿ ಪರೀಕ್ಷೆ ಮಾಡಿಸಿ ಒಪ್ಪಿಕೊಳ್ಳುವ ಅಭ್ಯಾಸ ಇದ್ದವರು ಬೋರ್ ಪಾಯಿಂಟ್ ತೋರಿಸಲು ಬಂದವರನ್ನೂ "ಹೇಗೆ ಗೊತ್ತು?" ಅಂತ ಕೇಳುತ್ತಾರೆ. ಅಷ್ಟು ಮಟ್ಟಿಗೆ ಒಂದೆರಡು ಲಕ್ಷ ಉಳಿದರೂ ಉಳಿಯಬಹುದು.

ನಾವೇ ನೋಡಬೇಕು ಅಂದ್ರೆ ಏನು ಮಾಡಬೇಕು?

ದುಡ್ಡು ಕೊಟ್ಟು ಟೆಲಿಸ್ಕೋಪ್ ತರಬೇಡಿ, ಮೊದಲು ಕಣ್ಣು ಸಾಕು. ನಂದಿ ಬೆಟ್ಟದ ಕಡೆ ಈಗ ಬೆಂಗಳೂರಿನ ದೀಪದ ಮಬ್ಬು ಜಾಸ್ತಿ. ಪಾವಗಡ, ಬಾಗೇಪಲ್ಲಿ ಕಡೆಯ ಹಳ್ಳಿಗಳು ವಾಸಿ. ಕಾರ್ತಿಕದ ಕೊನೆಯ ಅಮಾವಾಸ್ಯೆ ಹೊತ್ತಿಗೆ ಮಳೆ ನಿಂತಿದ್ದರೆ ರಾತ್ರಿ ಎಂಟು, ಒಂಬತ್ತು ಗಂಟೆಗೆ ಹೋಗಿ. ಮೊಬೈಲ್ ಜೇಬಿನಲ್ಲಿಟ್ಟು ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತುಕೊಳ್ಳಿ, ಕಣ್ಣು ಹದಕ್ಕೆ ಬರಲಿ. ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲಿದ ಕಡೆ, ಬೆರಳಿನಿಂದ ಒರೆಸಿದ ಹಾಗೆ ಒಂದು ಸಣ್ಣ ಮಸುಕು ಕಾಣುತ್ತದೆ. ನೆಟ್ಟ ನೋಟ ನೋಡಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿ. ಅದು ಆಂಡ್ರೊಮೆಡಾ ಗೆಲಾಕ್ಸಿ. ಆ ಬೆಳಕು ಹೊರಟು 25 ಲಕ್ಷ ವರ್ಷ ಆಗಿದೆ. ಟಾರ್ಚ್ ಬೇಕೇ ಬೇಕು, ಏರಿಯ ಮೇಲೆ ಹಾವಿನ ಭಯ ಇರುತ್ತದೆ. ಅದರ ಗಾಜಿಗೆ ಕೆಂಪು ಬಣ್ಣದ ಗಾಳಿಪಟದ ಕಾಗದ ಕಟ್ಟಿಕೊಳ್ಳಿ, ಕಣ್ಣಿನ ಹದ ಕೆಡುವುದಿಲ್ಲ. ಚಿಕ್ಕ ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಹಾಕಿ ಕರೆದುಕೊಂಡು ಬನ್ನಿ, ಕೆರೆಯ ಕಡೆಯಿಂದ ಗಾಳಿ ಬೀಸುತ್ತದೆ.